ಸಂಬಂಧ: ನೆಗೆಣ್ಣಿ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ರೇಣುಕಾ ಎಮ್ಮೆ ಹಿಂಡಲು ಕೂತಿದ್ದರು. ಎರಡು ವರ್ಷದ ಹಿಂದಿನ ಜುಲೈ ಹದಿನಾರನೇ ತಾರೀಖು, ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ. ಡೈರಿಯವರು ಏಳಕ್ಕೆ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸುವುದರಿಂದ ಅವರು ದಿನವೂ ಗಡಿಯಾರ ನೋಡಿಯೇ ಕೂಡುತ್ತಾರೆ. ಒಂದು ಎಮ್ಮೆಗೆ ಎಂಟು ನಿಮಿಷ, ಎರಡಕ್ಕೆ ಹದಿನಾರು. ಕೂತಾಗ ಮುಂಬಾಗಿಲ ಕಟ್ಟೆಯ ಮೇಲೆ ಪಕ್ಕೀರಮ್ಮ ಕೂತಿದ್ದು ಕೊಟ್ಟಿಗೆಯಿಂದಲೇ ಕಾಣುತ್ತಿತ್ತು. ಎರಡನೇ ಎಮ್ಮೆಯ ಕೆಚ್ಚಲಿನಿಂದ ತಲೆ ಎತ್ತಿದಾಗ ಕಟ್ಟೆ ಖಾಲಿಯಾಗಿತ್ತು.

ಪಕ್ಕೀರಮ್ಮ ರೇಣುಕಾ ಅವರ ನೆಗೆಣ್ಣಿ. ಗಂಡ ಅಂಜಿನೇಯ ಅವರ ಅಣ್ಣನ ಹೆಂಡತಿ. ಆಗ ಅವರಿಗೆ ಅರವತ್ತೇಳು, ರೇಣುಕಾಗೆ ನಲವತ್ತೊಂಬತ್ತು. ಒಂದೂವರೆ ವರ್ಷದಿಂದ ಪಕ್ಕೀರಮ್ಮನಿಗೆ ಮರೆವು ಹೆಚ್ಚಾಗುತ್ತ ಬಂದಿತ್ತು. ಮೊದಲು ಒಲೆಯ ಮೇಲಿಟ್ಟ ಸಾರು ಮರೆತರು, ಆಮೇಲೆ ಹಿತ್ತಿಲ ದಾರಿ, ಆಮೇಲೆ ಗಂಡ ತೀರಿಕೊಂಡಿದ್ದು. ಮನೆಯವರು ವಯಸ್ಸಾಯಿತು ಅಂದುಕೊಂಡಿದ್ದರು.

ರೇಣುಕಾ ಹಾಲನ್ನು ಮುಚ್ಚಿಟ್ಟು ಹುಡುಕಲು ಹೊರಟರು. ಗುಡಿ ನೋಡಿದರು, ನಲ್ಲಿ ಕಟ್ಟೆ ನೋಡಿದರು, ಬಸ್ ನಿಲ್ಲುವ ಜಾಗ ನೋಡಿದರು. ಐವತ್ತು ನಿಮಿಷದ ಮೇಲೆ ಹೊಲದ ಕಡೆಯಿಂದ ಜೋಗಪ್ಪನ ಕೂಗು ಕೇಳಿಸಿತು.

"ಏ ರೇಣುಕವ್ವಾ, ಬಾ ಇಲ್ಲಿ! ನೋಡ್ಬಾ ನಿಮ್ಮಕ್ಕನ ಕೆಲಸ!"

ಜೋಗಪ್ಪನ ಹೊಲದ ಮೂಲೆಯಲ್ಲಿ ಭತ್ತದ ಸಸಿ ಮಡಿ ಇತ್ತು. ಬೋರಿನ ನೀರಿನಲ್ಲಿ ಹದಿನಾಲ್ಕು ದಿನ ಬೆಳೆಸಿದ್ದು. ಕಾಲುವೆಗೆ ನೀರು ಬಂದು ಗದ್ದೆ ಹದವಾದ ಮೇಲೆ, ಇಪ್ಪತ್ತೈದು ದಿನಕ್ಕೆ ಕಿತ್ತು ನಾಟಿ ಮಾಡಬೇಕಾದದ್ದು. ಆ ಮಡಿಯಲ್ಲಿ ಪಕ್ಕೀರಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದರು. ಎರಡೂ ಕೈಯಲ್ಲಿ ಸಸಿ ಕೀಳುತ್ತಿದ್ದರು, ಬೇರನ್ನು ನೀರಿನಲ್ಲಿ ಜಾಲಿಸಿ ಮಣ್ಣು ಕಳೆಯುತ್ತಿದ್ದರು, ಹಿಡಿ ಆದೊಡನೆ ಕಟ್ಟಿ ಬದುವಿನ ಮೇಲೆ ಇಡುತ್ತಿದ್ದರು. ಬದುವಿನ ಮೇಲೆ ನಲವತ್ತಮೂರು ಕಟ್ಟು ಸಾಲಾಗಿದ್ದವು. ಕಟ್ಟಲು ನಾರು ಸಿಕ್ಕಿರಲಿಲ್ಲ. ಉಟ್ಟ ಸೀರೆಯ ಸೆರಗನ್ನೇ ಸೀಳಿ ಸೀಳಿ ಪಟ್ಟಿ ಮಾಡಿಕೊಂಡಿದ್ದರು.

ರೇಣುಕಾರನ್ನು ನೋಡಿ ಅವರು ಬೈದರು. "ಏ ಎರ್ರಿ, ಈಗ ಬಂದೇನ? ಬಿಸಿಲು ಏರೇತಿ. ನಿಂತೇನ್ ನೋಡ್ತಿ, ಇಳಿ ಕೆಳಗ."

ಎರ್ರಿ ಎನ್ನುವವರು ಅವರ ಹಳೆಯ ನಾಟಿ ಗುಂಪಿನ ಹೆಂಗಸು. ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

"ಜೋಗಣ್ಣ, ತಪ್ಪಾತಪ್ಪ," ಎಂದರು ರೇಣುಕಾ. "ಹಾಲು ಹಿಂಡಾಕ ಕೂತಿದ್ನಿ."

"ತಪ್ಪಾತಂದ್ರ ಸಸಿ ತಿರುಗಿ ಬೇರು ಬಿಡ್ತಾವೇನು? ಕಾಲುವಿ ನೀರ ಬಂದಿಲ್ಲ. ಎಲ್ಲಿ ಹಚ್ಚಲಿ, ನನ್ನ ತಲಿ ಮ್ಯಾಲ?" ಜೋಗಪ್ಪ ಒಂದು ಕಟ್ಟನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದ. ಸಿಟ್ಟಿನಲ್ಲೂ ಅವನಿಗೆ ಒಂದು ಮಾತು ತಡೆಯಲಾಗಲಿಲ್ಲ. "ಕಟ್ಟು ಮಾತ್ರ ನೋಡು, ಒಂದೂ ಹೆಚ್ಚು ಕಡಿಮಿ ಇಲ್ಲ. ಈಗಿನ ಹುಡುಗ್ಯಾರಿಗೆ ಹಿಂಗ ಕಟ್ಟಾಕ ಬರಂಗಿಲ್ಲ. ಕೆಲಸ ತಪ್ಪಿಲ್ಲವ್ವಾ, ದಿನ ತಪ್ಪ್ಯಾವ."

ಸಂಜೆ ಅವನು ಮನೆಗೆ ಬಂದು ಅಂಜಿನೇಯನಿಗೆ ಎರಡೇ ಮಾತು ಹೇಳಿದ: ಒಂದೋ ಬಾಗಿಲು ಹಾಕಿ ಇಟ್ಟುಕೊಳ್ಳಿ, ಇಲ್ಲವೇ ಬಳ್ಳಾರಿಗೆ ಆಕೆಯ ಮಗನ ಹತ್ತಿರ ಕಳಿಸಿ.

ಕಳಿಸುವುದು ರೇಣುಕಾಗೆ ಏಕೆ ಆಗದ ಮಾತಾಗಿತ್ತು ಎಂದು ತಿಳಿಯಲು ಮೂವತ್ತೆರಡು ವರ್ಷ ಹಿಂದೆ ಹೋಗಬೇಕು. ಅವರ ತವರು ಕುರುಗೋಡು. ಅಪ್ಪ ಕಲ್ಲು ಒಡೆಯುವ ಕೆಲಸದವರು. ಹದಿನೇಳಕ್ಕೆ ಮದುವೆಯಾಗಿ ರಾರಾವಿಗೆ ಬಂದಾಗ ಅವರು ಕೆಸರಿನಲ್ಲಿ ಕಾಲಿಟ್ಟವರೇ ಅಲ್ಲ. ಪಕ್ಕೀರಮ್ಮ ಹದಿನಾರು ಹೆಂಗಸರ ನಾಟಿ ಗುಂಪಿಗೆ ಮುಂದಾಳು. ಮೊದಲ ಹಂಗಾಮಿನಲ್ಲಿ ಹೊಲದ ಒಡೆಯ ಬದುವಿನ ಮೇಲೆ ನಿಂತು ಯಾರು ಹಿಂದೆ ಬಿದ್ದರೆಂದು ನೋಡುತ್ತಿದ್ದ. ಪಕ್ಕೀರಮ್ಮ ಹೊಸ ನೆಗೆಣ್ಣಿಯನ್ನು ತಮ್ಮ ಎಡಕ್ಕೆ ನಿಲ್ಲಿಸಿಕೊಂಡರು. ತಮ್ಮ ಪಾಲಿನ ಅಗಲವನ್ನು ನೆಟ್ಟು, ಮಾತಾಡುತ್ತಲೇ ಎಡಗಡೆಗೆ ಕೈ ಚಾಚಿ ರೇಣುಕಾ ಪಾಲಿನ ಅರ್ಧವನ್ನೂ ನೆಡುತ್ತಿದ್ದರು. ಇಪ್ಪತ್ತಾರು ದಿನ ಹಾಗೆಯೇ ನಡೆಯಿತು. ಒಡೆಯನಿಗೆ ತಿಳಿಯಲಿಲ್ಲ. ಗುಂಪಿನಲ್ಲಿ ತಿಳಿದವರು ಬಾಯಿ ಬಿಡಲಿಲ್ಲ. ಮನೆಯಲ್ಲಿ ಪಕ್ಕೀರಮ್ಮ ಅದನ್ನು ಒಮ್ಮೆಯೂ ಎತ್ತಲಿಲ್ಲ.

ಆದರೂ ರೇಣುಕಾ ಬಾಗಿಲು ಹಾಕಿದರು. ಹೊರಗಿನ ಚಿಲಕ ಹಾಕದೆ ಡೈರಿಗೆ ಹೋಗುವಂತಿರಲಿಲ್ಲ, ಹುಲ್ಲಿಗೆ ಹೋಗುವಂತಿರಲಿಲ್ಲ, ಬಟ್ಟೆ ಒಗೆಯುವಂತಿರಲಿಲ್ಲ. ಅಂಜಿನೇಯ ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವರು. ಬೆಳಿಗ್ಗೆ ಹೋದರೆ ಕತ್ತಲಾಗುವವರೆಗೆ ಇಲ್ಲ. ದಿನಕ್ಕೆ ಮೂರು ಸಲದಂತೆ ಒಂಬತ್ತು ದಿನ ಚಿಲಕ ಬಿತ್ತು. ಹತ್ತನೆಯ ದಿನ ಹುಲ್ಲು ಹೊತ್ತುಕೊಂಡು ಬಂದು ಬಾಗಿಲು ತೆಗೆದಾಗ ಪಕ್ಕೀರಮ್ಮ ನೆಲದ ಮೇಲೆ ಕೂತಿದ್ದರು. ಬಲಗೈಯ ಎರಡು ಉಗುರು ಕಿತ್ತು ರಕ್ತ ಬಂದಿತ್ತು. ಬಾಗಿಲಿನ ಕೆಳಗಿನ ಹಲಗೆಯ ಮೇಲೆ ಗೀರುಗಳಿದ್ದವು.

"ಯಾರವ್ವ ನನ್ನ ಒಳಗ ಹಾಕಿದವರು?" ಎಂದು ಅವರು ಕೇಳಿದರು.

ರೇಣುಕಾ ಗಾಯ ತೊಳೆದರು. ಅರಿಸಿನ ಹಚ್ಚಿ ಬಟ್ಟೆ ಸುತ್ತಿದರು, ನೇರ ಆಶಾ ಕಾರ್ಯಕರ್ತೆಯ ಮನೆಗೆ ಹೋದರು. ಆಕೆ ಹೇಳಿದ್ದು: ಸಿರುಗುಪ್ಪದ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋರೋಗದ ಡಾಕ್ಟರು ಬರುತ್ತಾರೆ, ಮರೆವಿನ ಕಾಯಿಲೆಯನ್ನೂ ನೋಡುತ್ತಾರೆ, ಚೀಟಿ ಮಾಡಿಸಿದರೆ ಸಾಕು.

ಮಂಗಳವಾರ ಅಂಜಿನೇಯ ಅವರೂ ಸೇರಿ ಮೂವರೂ ಹೋದರು. ಡಾಕ್ಟರು ಪಕ್ಕೀರಮ್ಮನಿಗೆ ಕೊಡ, ಮಂಚ, ನಿಂಬೆಹಣ್ಣು ಎಂದು ಮೂರು ಹೆಸರು ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದರು.

"ಅವು ನಿಮ್ಮವು," ಎಂದರು ಪಕ್ಕೀರಮ್ಮ. "ನೀವ ಇಟ್ಕೊಳ್ರಿ."

"ಇದು ಯಾವ ಊರಮ್ಮ?"

"ದಿನಾ ಇಲ್ಲೇ ಕೂಡ್ತೀರಿ, ನನ್ನ ಕೇಳ್ತೀರಲ್ರಿ?"

ಡಾಕ್ಟರು ನಕ್ಕರು, ಆದರೆ ಹಾಳೆಯ ಮೇಲೆ ಸೊನ್ನೆಯನ್ನೇ ಬರೆದರು. ಥೈರಾಯ್ಡ್ ಮತ್ತು ಬಿ-12 ಕೊರತೆಯಿಂದಲೂ ಮರೆವು ಬರಬಹುದು, ಅವು ಸರಿಪಡಿಸಬಹುದಾದವು, ಅದಕ್ಕೇ ಮೊದಲು ರಕ್ತ ನೋಡೋಣ ಎಂದರು. ರಕ್ತ ಪರೀಕ್ಷೆಯಾಯಿತು, ಬಳ್ಳಾರಿಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಮೂರನೇ ಮಂಗಳವಾರ ಹೆಸರು ಸಿಕ್ಕಿತು: ಡಿಮೆನ್ಶಿಯಾ. ವಾಸಿಯಾಗುವುದಲ್ಲ, ನಿಧಾನವಾಗಿ ಮುಂದುವರಿಯುವುದು. "ಆದ್ರೆ ನೋಡ್ಕೊಳ್ಳೋ ರೀತಿ ಕಲಿಸ್ತೀವಿ," ಎಂದರು ಡಾಕ್ಟರು. "ಮಾತ್ರೆ ಇಲ್ಲೇ ಕೊಡ್ತಾರೆ. ಹದಿನೈದು ದಿನಕ್ಕೊಮ್ಮೆ ನಮ್ಮ ನರ್ಸ್ ಮನೆಗೇ ಬರ್ತಾರೆ."

ಮನೆಗೆ ಬರುವುದಕ್ಕೆ ಒಂದು ನಮೂನೆ ತುಂಬಬೇಕಿತ್ತು. "ಆರೈಕೆ ಮಾಡುವವರ ಹೆಸರು" ಎಂಬಲ್ಲಿ ಗುಮಾಸ್ತ ಪೆನ್ನು ಹಿಡಿದು ಕಾದ.

ರೇಣುಕಾ ಬಾಯಿ ತೆರೆಯುವ ಮುನ್ನ ಅಂಜಿನೇಯ ಹೇಳಿದರು: "ಶೇಖರ್ ಅಂತ ಬರೀರಿ. ಮಗ. ಬಳ್ಳಾರಿ, ಗಾಂಧಿನಗರ." ಹೊರಗೆ ಬಂದ ಮೇಲೆ ಹೆಂಡತಿಗೆ ವಿವರಿಸಿದರು. "ಹೊಟ್ಟ್ಯಾಗ ಹುಟ್ಟಿದ ಮಗ ಇರೋವಾಗ ನಮ್ಮ ಹೆಸರು ಬರೆಸಿದ್ರ ಅವನ ಮಾರಿ ಏನಾಗ್ಬೇಕು? ಮಂದಿ ಏನಂದಾರು?"

ರೇಣುಕಾಗೂ ಅದು ಸರಿಯೆನಿಸಿತು. ಅವರ ಮನೆತನದಲ್ಲಿ ಲಗ್ನಪತ್ರಿಕೆಯಲ್ಲಾಗಲಿ ಪಡಿತರ ಚೀಟಿಯಲ್ಲಾಗಲಿ ಹೆಸರು ಹಾಕಿಸುವುದೆಂದರೆ ಮರ್ಯಾದೆ ಕೊಡುವುದು. ಕೆಲಸ ಮಾಡುವವರು ಯಾರೆಂದು ತಿಳಿಸಲು ಯಾರೂ ಹೆಸರು ಬರೆಸುವುದಿಲ್ಲ. ಇಬ್ಬರೂ ಮನೆಗೆ ಬಂದು ನರ್ಸಿಗಾಗಿ ಕಾದರು. ಹದಿನೈದು ದಿನವಾಯಿತು, ಇಪ್ಪತ್ತಾಯಿತು. ಯಾರೂ ಬರಲಿಲ್ಲ. ಚಿಲಕ ಮತ್ತೆ ಬೀಳತೊಡಗಿತು.

ನರ್ಸ್ ಮೀನಾಕ್ಷಿ ತಪ್ಪದೆ ಹೋಗಿದ್ದರು, ನಮೂನೆಯಲ್ಲಿದ್ದ ವಿಳಾಸಕ್ಕೆ. ಗಾಂಧಿನಗರದ ಬಾಡಿಗೆ ಮನೆ, ಮೊದಲ ಮಹಡಿ. ಶೇಖರ್ ಫ್ರಿಜ್ ರಿಪೇರಿ ಅಂಗಡಿಯಿಂದ ಓಡಿ ಬಂದ. "ನಿಮ್ಮ ತಾಯಿ ಎಲ್ಲಿ?" ಎಂದು ಸರ್ಕಾರದ ನರ್ಸು ಮೆಟ್ಟಿಲ ಮೇಲೆ ನಿಂತು, ಕೆಳಗಿನ ಮನೆಯವರ ಎದುರಿಗೇ ಕೇಳಿದ್ದು ಅವನಿಗೆ ಚುಚ್ಚಿತು. ಗುರುವಾರ ಕರೆತಂದು ಬಿಡುತ್ತೇನೆ ಎಂದ. ಮೀನಾಕ್ಷಿ ತಾವು ಹುಡುಕಿಕೊಂಡು ಬಂದವರು ಬೇರೆ ಊರಿನಲ್ಲಿದ್ದಾರೆಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು, "ಹಂಗಂದ್ರ ನಾನೂ ಗುರುವಾರ ರಾರಾವಿಗೇ ಬರ್ತೀನಿ. ಈಗಿರೋ ಮನಿ ನೋಡದ ಯಾರನ್ನೂ ಅಲ್ಲಿಂದ ಎಬ್ಬಿಸಬಾರ್ದು," ಎಂದರು.

ಗುರುವಾರ ಹನ್ನೊಂದರ ಹೊತ್ತಿಗೆ ರೇಣುಕಾ ಮನೆಯ ಮುಂದೆ ಶೇಖರ್ ತಂದ ಬಾಡಿಗೆ ಕಾರು ನಿಂತಿತ್ತು. ಪಕ್ಕೀರಮ್ಮನ ಎರಡು ಸೀರೆ, ಹೊದಿಕೆ, ಮಾತ್ರೆ ಒಂದು ಚೀಲದಲ್ಲಿದ್ದವು. ಆ ಚೀಲವನ್ನು ರೇಣುಕಾ ತಾವೇ ತುಂಬಿದ್ದರು. ಮಗ ಕರೆದಾಗ ಕಳಿಸುವುದಿಲ್ಲ ಎನ್ನಲು ತಮಗೆ ಹಕ್ಕಿಲ್ಲ ಎಂದು ಅವರು ನಂಬಿದ್ದರು.

ಮೀನಾಕ್ಷಿ ಕುರುಗೋಡಿನವರು, ನಲವತ್ತು ದಾಟಿದವರು. ಬಸ್ಸಿಳಿದು ನಡೆದು ಬಂದು, ನೀರು ಕುಡಿದು, ಕಟ್ಟೆಯ ಮೇಲೆ ಪಕ್ಕೀರಮ್ಮನ ಪಕ್ಕದಲ್ಲಿ ಕೂತರು. ಚೀಲ ನೋಡಿದರು, ಕಾರು ನೋಡಿದರು, ಮುಂಬಾಗಿಲ ಹೊರಚಿಲಕವನ್ನೂ ಕೆಳಹಲಗೆಯ ಗೀರುಗಳನ್ನೂ ನೋಡಿದರು. ಆಮೇಲೆ ಒಂದು ಹಾಳೆ ತೆಗೆದರು.

"ಹನ್ನೊಂದು ಪ್ರಶ್ನೆ ಅದಾವು. ಯಾರಿಗೆ ಗೊತ್ತೈತೋ ಅವರು ಹೇಳ್ರಿ. ಒಂದು. ಮುಂಜಾನಿ ಎಷ್ಟಕ್ಕ ಏಳ್ತಾರ?"

ಶೇಖರ್ ತಾಯಿಯ ಮುಖ ನೋಡಿದ. "ಐದೂವರಿಗೆ," ಎಂದರು ರೇಣುಕಾ, ಒಳಗಿನಿಂದ.

"ಎರಡು. ಉಣ್ಣಾಕ ಒಲ್ಲೆ ಅಂದ್ರ ಏನ್ ಮಾಡ್ತೀರಿ?"

"ತಾಟು ತೆಗೆದುಬಿಡ್ತೀನ್ರಿ. ಬುತ್ತಿ ಕಟ್ಟಿದಂಗ ಬಟ್ಟ್ಯಾಗ ಕಟ್ಟಿ ಕೈಗೆ ಕೊಡ್ತೀನಿ. ಹೊಲದಾಗ ಕೂತಂಗ ಬಿಚ್ಚಿ ಉಂತಾಳ."

ಮೀನಾಕ್ಷಿ ಬರೆಯುವುದನ್ನು ನಿಲ್ಲಿಸಿದರು. "ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ರಿ. ಒಂದಿನ ಹಂಗ ಆತು."

ಯಾವ ಮಗ್ಗುಲಿಗೆ ಮಲಗುತ್ತಾರೆ, ಸ್ನಾನಕ್ಕೆ ಯಾವಾಗ ಒಪ್ಪುತ್ತಾರೆ, ಸಿಟ್ಟು ಬರುವ ಮೊದಲು ಏನು ಮಾಡುತ್ತಾರೆ, ಹೊರಕಡೆಗೆ ಹೋಗಬೇಕೆಂದು ಹೇಗೆ ತಿಳಿಯುತ್ತದೆ: ಹತ್ತಕ್ಕೂ ರೇಣುಕಾ ಉತ್ತರ ಹೇಳಿದರು. ಅಷ್ಟರಲ್ಲಿ ಅವರು ಹೊಸ್ತಿಲು ದಾಟಿ ಕಟ್ಟೆಯ ತನಕ ಬಂದಿದ್ದರು. ಹನ್ನೊಂದನೆಯದು, ಯಾವುದನ್ನು ಎಂದೂ ತಿನ್ನುವುದಿಲ್ಲ ಎಂಬುದು.

"ಹಂಗೇನಿಲ್ರಿ, ಎಲ್ಲಾ ತಿಂತಾಳ," ಎಂದರು ರೇಣುಕಾ.

"ಬದನೆಕಾಯಿ ತಿನ್ನಂಗಿಲ್ಲ," ಎಂದ ಶೇಖರ್. "ನಮ್ಮಪ್ಪ ತೀರಿಕೊಂಡ ದಿನ ಒಲಿ ಮ್ಯಾಲ ಅದಾ ಇತ್ತು. ಅವತ್ತಿಂದ ಮುಟ್ಟಿಲ್ಲ."

"ಹೌದೇನಪಾ? ನಾ ಮೊನ್ನೇನ ಹಾಕೀನಿ." ರೇಣುಕಾ ಬಾಯಿಗೆ ಸೆರಗು ಹಿಡಿದರು. "ಅದಕ್ಕ ತಾಟು ನೂಕಿದ್ಲು!"

ಶೇಖರ್ ರೇಣುಕಾರ ಕಡೆ ತಿರುಗಿ ನೋಡಿದ. ತಾನು ಆರು ವರ್ಷದ ಹುಡುಗನಾಗಿದ್ದಾಗ ಈ ಮನೆಗೆ ಬಂದ ಚಿಗವ್ವ, ತನ್ನ ತಾಯಿ ಗುಂಪಿನ ಕೆಲಸಕ್ಕೆ ಹೋದಾಗ ತನಗೆ ತಲೆ ಬಾಚಿ ಶಾಲೆಗೆ ಕಳಿಸಿದವರು.

"ಮೇಡಂ," ಎಂದ. "ಹತ್ತು ಆಕಿ ಹೇಳಿದ್ಲು, ನಾ ಹೇಳಿದ್ದು ಒಂದು. ನನ್ನ ಹೆಸರು ತೆಗೀರಿ. ನಾ ಕರಕೊಂಡು ಹೋದ್ರ ಮಂದಿ ಶಹಬ್ಬಾಸ್ ಅಂತಾರ, ಅವ್ವ ಸಾಯ್ತಾಳ."

"ಹೆಸರು ಪೂರಾ ತೆಗಿಯಂಗಿಲ್ರಿ. ಮಗ ಒಪ್ಪಿಗಿ ಕೊಡ್ಬೇಕು, ಸಹಿ ಬೇಕು. ಆರೈಕಿ ಮಾಡೋರ ಹೆಸರು ಬ್ಯಾರೆ, ಒಪ್ಪಿಗಿ ಕೊಡೋರ ಹೆಸರು ಬ್ಯಾರೆ. ಎರಡು ಖಾನೆ ಅದಾವಲ್ಲ ನಮೂನ್ಯಾಗ, ಒಂದರಾಗ ಎರಡನ್ನೂ ತುರುಕ್ಯಾರ." ಮೀನಾಕ್ಷಿ "ಶೇಖರ್, ಮಗ" ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ರೇಣುಕಾ ಎಂದು ಬರೆದರು. "ಸಂಬಂಧ ಏನಂತ ಬರೀಲಿ?"

ರೇಣುಕಾ ಅಂಜಿದರು. "ನೆಗೆಣ್ಣಿ ಅಂದ್ರ ನಡಿತೈತೇನ್ರಿ? ಸರ್ಕಾರದಾಗ?"

"ನಡೀಲಿಕ್ಕೇನ್ರಿ? ಇದ್ದದ್ದನ್ನ ಇದ್ದಂಗ ಬರದ್ರ ನನಗ ಓಡಾಟ ಕಡಿಮಿ ಆಕ್ಕೈತಿ."

ಎಲ್ಲರೂ ನಕ್ಕರು. ಏಕೆಂದು ತಿಳಿಯದಿದ್ದರೂ ಪಕ್ಕೀರಮ್ಮನೂ ನಕ್ಕರು. ಕಾರು ಖಾಲಿ ಹೋಯಿತು. ಶೇಖರ್ ಸಂಜೆಯ ಬಸ್ಸಿಗೆ ಹೋದ.

ಆ ದಿನದಿಂದ ಆದ ಬದಲಾವಣೆಗಳನ್ನು ದೊಡ್ಡದು ಮಾಡಿ ಹೇಳುವ ಅಗತ್ಯವಿಲ್ಲ. ಮೀನಾಕ್ಷಿ ಎರಡನೇ ಭೇಟಿಯಲ್ಲಿ ಅಂಜಿನೇಯನ ಕೈಯಲ್ಲೇ ಹೊರಚಿಲಕದ ಸ್ಕ್ರೂಗಳನ್ನು ಬಿಚ್ಚಿಸಿದರು. ಹಿತ್ತಿಲ ಮತ್ತು ಅಂಗಳದ ಗೇಟಿಗೆ ಎಮ್ಮೆಯ ಗಂಟೆ ಕಟ್ಟಿಸಿದರು. ಪಕ್ಕೀರಮ್ಮನ ಕುಪ್ಪಸಗಳ ಒಳಮಗ್ಗುಲಿಗೆ ಫೋನ್ ನಂಬರು ಬರೆದ ಬಟ್ಟೆ ಹೊಲಿಸಿದರು. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ತೂಕ, ಬಿ.ಪಿ. ನೋಡತೊಡಗಿದರು. ಮಾತ್ರೆ ಸಿರುಗುಪ್ಪದಿಂದ ತಪ್ಪದೆ ಬಂತು. ತಪ್ಪಿದ್ದು ಒಂದೇ ತಿಂಗಳು, ಆಗ ಮೀನಾಕ್ಷಿ ಬಳ್ಳಾರಿಯಿಂದ ತಂದುಕೊಟ್ಟರು. ಶೇಖರ್ ತಿಂಗಳಿಗೆ ಎರಡು ಶನಿವಾರ ಅಂಗಡಿ ಮುಚ್ಚಿ ಬರುತ್ತಾನೆ. ಆ ಎರಡು ದಿನ ರೇಣುಕಾ ಕುರುಗೋಡಿಗೆ ಹೋಗಬಹುದು, ಅಥವಾ ಸುಮ್ಮನೆ ಮಲಗಬಹುದು.

ಅಕ್ಕ ಎಲ್ಲಿಗೆ ಹೋಗುತ್ತಾಳೆ ಎಂದು ಚಿಂತಿಸುವುದಕ್ಕಿಂತ ಏತಕ್ಕೆ ಹೋಗುತ್ತಾಳೆ ಎಂದು ಯೋಚಿಸಿ ಎಂದು ಮೀನಾಕ್ಷಿ ಹೇಳಿದ್ದರು. ಏತಕ್ಕೆಂದು ರೇಣುಕಾಗೆ ಚೆನ್ನಾಗಿ ಗೊತ್ತಿತ್ತು. ಅವರು ಜೋಗಪ್ಪನ ಮನೆಗೆ ಹೋಗಿ, ಅಕ್ಕನಿಗೆ ಕಟ್ಟು ಕಟ್ಟಲು ಏನಾದರೂ ಕೊಡು ಎಂದು ಕೇಳಿದರು. ಜೋಗಪ್ಪ ಮುಖ ಗಂಟಿಕ್ಕಿಕೊಂಡೇ ಕೇಳಿಸಿಕೊಂಡ. ಮರುದಿನ ಸಂಜೆ ತನ್ನ ಹೊಲದ ಬದುವಿನಲ್ಲಿ ಕಿತ್ತ ಹಸಿ ಹುಲ್ಲನ್ನು ಒಂದು ಹೊರೆ ತಂದು ಅಂಗಳದಲ್ಲಿ ಕೆಡವಿದ.

"ಏ ಅಕ್ಕಾ, ಹಿಡಿ ಹಿಡಿ ಕಟ್ಟಿಕೊಡು. ನಾಳಿಗೆ ಬೇಕು."

"ನಾರು ಎಲ್ಲಿ?" ಎಂದರು ಪಕ್ಕೀರಮ್ಮ.

"ನಾರು ತಂದೀನಿ ತಾಯಿ, ಸೀರಿ ಹರೀಬ್ಯಾಡ."

ಹುಲ್ಲು ಕಟ್ಟುಗಳಾಗುತ್ತದೆ, ಬೆಳಿಗ್ಗೆ ಜೋಗಪ್ಪನ ಎಮ್ಮೆಗಳು ತಿನ್ನುತ್ತವೆ. ಅವನು ಒಂದು ಹೊರೆ ಹಾಕಿ ಹೋಗುವಾಗ ಪ್ರತಿ ಸಲವೂ ಕಟ್ಟು ಸಡಿಲಾಗಿದೆ ಎಂದು ತಪ್ಪು ಹಿಡಿಯುತ್ತಾನೆ, ಪಕ್ಕೀರಮ್ಮ ಪ್ರತಿ ಸಲವೂ ಅವನನ್ನು ಬೈಯುತ್ತಾರೆ. ಬೈದ ದಿನ ಅವರ ಊಟ ಚೆನ್ನಾಗಿ ಆಗುತ್ತದೆ.

ಕಾಯಿಲೆ ನಿಂತಿಲ್ಲ. ಎರಡು ವರ್ಷದಲ್ಲಿ ಅವರ ತೂಕ ಆರು ಕಿಲೋ ಇಳಿದಿದೆ. ರೇಣುಕಾ ಎಂಬ ಹೆಸರು ಅವರ ಬಾಯಿಂದ ಬಂದು ಹದಿನಾಲ್ಕು ತಿಂಗಳಾಯಿತು. ಈಗ ರೇಣುಕಾ ಪೂರ್ತಿ ಎರ್ರಿಯೇ. ಮೊದಲು ಇದಕ್ಕೆ ಅಳುತ್ತಿದ್ದರು. ಒಂದು ದಿನ ಮೀನಾಕ್ಷಿ, "ಎರ್ರಿ ಆಕಿಗೆ ಬೇಕಾದವಳಾ?" ಎಂದು ಕೇಳಿದಾಗ, "ಜೀವ್ದ ಗೆಳತಿರಿ" ಎಂದು ತಾವೇ ಉತ್ತರ ಕೊಟ್ಟು, ಆಮೇಲೆ ಆ ಹೆಸರಿಗೆ ಓಗೊಡಲು ರೂಢಿ ಮಾಡಿಕೊಂಡರು.

ಈ ವರ್ಷ ಮಾರ್ಚ್‌ನಲ್ಲಿ ಬಳ್ಳಾರಿಯಲ್ಲಿ, ಮನೆಯಲ್ಲೇ ಇಂಥವರನ್ನು ನೋಡಿಕೊಳ್ಳುವ ಇಪ್ಪತ್ತೇಳು ಕುಟುಂಬಗಳನ್ನು ಆಸ್ಪತ್ರೆಯವರು ಕರೆದಿದ್ದರು. ಇನ್ನು ಮುಂದೆಯೂ ಮನೆಯಲ್ಲೇ ಇಟ್ಟುಕೊಳ್ಳಬೇಕಾದರೆ ಯಾರಿಗೆ ಏನು ಬೇಕು ಎಂದು ತಿಳಿಯುವುದು ಸಭೆಯ ಉದ್ದೇಶ. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಮಂಚ ಬೇಕು, ಪಿಂಚಣಿ ಬೇಗ ಮಂಜೂರಾಗಬೇಕು, ಹಗಲು ಬಿಟ್ಟುಹೋಗಲು ಒಂದು ಜಾಗ ಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ, ಅಧಿಕಾರಿ ಬರೆದುಕೊಂಡರು.

ರೇಣುಕಾ ಕೊನೆಯ ಸಾಲಿನಲ್ಲಿದ್ದರು. ಮೈಕು ಬೇಡವೆಂದು ಹಾಗೆಯೇ ಎದ್ದು ನಿಂತರು.

"ನನಗ ಕೊಟ್ಟದ್ದು ನಿಲ್ಲಬಾರ್ದು, ಅಷ್ಟ ರೀ. ಮೀನಾಕ್ಷಿ ಮೇಡಂ ಬಂದಿರದಿದ್ರ ಆಕಿ ಇಷ್ಟೊತ್ತಿಗೆ ಇರ್ತಿದ್ದಿಲ್ಲ. ಆಕಿ ಇದ್ದಿದ್ರೂ ನಾ ಆಕಿ ಮುಂದ ಮಾರಿ ಎತ್ತತಿದ್ದಿಲ್ಲ. ಈಗ ಸಂಜಿಮುಂದ ಆಕಿ ಕಟ್ಟು ಕಟ್ಟಾಕ ಕೂತ್ಲಂದ್ರ, ನಾ ಆಕಿನ್ನ ನೋಡಬೇಕಂತಿಲ್ಲ. ಕೂತಿರ್ತಾಳ. ನಾನೂ ಕೂಡ್ತೀನಿ."

"ಆ ಹೊತ್ತಿನಲ್ಲಿ ಏನು ಮಾಡ್ತೀರಿ?" ಎಂದರು ಅಧಿಕಾರಿ.

"ಏನೂ ಇಲ್ರಿ. ಚಾ ಕುಡಿತೀನಿ, ಬಿಸಿ ಇರೋವಾಗಲೇ. ಅಷ್ಟು ಸಿಕ್ರ ಆಕಿ ಇರೋತನಕ ನಾ ನೋಡ್ಕೋತೀನಿ."

ಅಧಿಕಾರಿ ಪೆನ್ನು ಎತ್ತಿ ಹಿಡಿದು, ಬರೆದುಕೊಳ್ಳಬೇಕು, ಅದು ದಿನಕ್ಕೆ ಎಷ್ಟು ಹೊತ್ತು ಎಂದು ಕೇಳಿದರು. ರೇಣುಕಾ ಒಂದು ಕ್ಷಣ ಲೆಕ್ಕ ಹಾಕಿ, ಸಭೆಗೆಲ್ಲ ಕೇಳುವಂತೆ ಹೇಳಿದರು:

"ನಲವತ್ತು ನಿಮಿಷ."